ಮೈಸೂರಿನಲ್ಲಿಯೇ ನಡೆದ ಆರೋಗ್ಯ ಸಂಶೋಧನೆಯೊಂದನ್ನು ಹಳ್ಳಿಯ ಸಭೆಯಲ್ಲಿ ಹೇಗೆ ವಿವರಿಸಬೇಕು?

ಆರೋಗ್ಯ ಸಂಶೋಧಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಂಡ್ಯ ಜಿಲ್ಲೆಯ ಒಂದು ಗ್ರಾಮದಲ್ಲಿ ಸ್ತ್ರೀಶಕ್ತಿ ಸಂಘದವರು ಏರ್ಪಡಿಸಿರುವ ಸಭೆಯಲ್ಲಿ ಮಾತನಾಡಲು ಒಪ್ಪಿಕೊಂಡಿದ್ದೇನೆ. ಹುಟ್ಟುವಾಗಿನ ತೂಕಕ್ಕೂ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಹೃದ್ರೋಗಕ್ಕೂ ಇರುವ ನಂಟು ನನ್ನ ವಿಷಯ. ಈ ಸಂಶೋಧನೆಯಲ್ಲಿ ನನ್ನ ಪಾಲೇನೂ ಇಲ್ಲ. ಆದರೆ ಅದು ನಮ್ಮ ಊರಿನಲ್ಲಿ, ನಮ್ಮ ಊರಿನವರ ಮೇಲೆ ನಡೆದದ್ದು. ಆದರೂ ಇಲ್ಲಿಯ ಬಹುಮಂದಿಗೆ ಅದರ ಸುದ್ದಿ ತಲುಪಿಲ್ಲವೆಂಬ ಕಾರಣಕ್ಕೆ ಅದನ್ನೇ ಆರಿಸಿಕೊಂಡೆ.

ತಿಳಿಯದವರಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಹಳಬರೆಲ್ಲ ಮಿಷನ್ ಆಸ್ಪತ್ರೆ ಎಂದು ಕರೆಯುವ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಹೆರಿಗೆಯ ದಾಖಲೆಗಳಲ್ಲಿ ಬರೆದಿಡಲಾಗಿತ್ತು. ಹೀಗೆ 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿ, ದೊಡ್ಡವರಾದ ಮೇಲೂ ಆಸ್ಪತ್ರೆಯ ಆಸುಪಾಸಿನಲ್ಲಿ ನೆಲೆಸಿದ್ದ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.1 ಕಿಲೋಗಿಂತ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಈ ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದನ್ನು ಸಭೆಯಲ್ಲಿ ಹೇಳುವುದು ಹೇಗೆಂಬುದೇ ನನ್ನ ಪ್ರಶ್ನೆ. "ಕಡಿಮೆ ತೂಕದ ಮಗುವಿಗೆ ಮುಂದೆ ಹೃದಯದ ಕಾಯಿಲೆ ಬರುತ್ತದೆ" ಎಂದುಬಿಟ್ಟರೆ ಅದು ಸುಳ್ಳು, ಜೊತೆಗೆ ಕ್ರೂರ. "ಗರ್ಭಿಣಿಯರು ಚೆನ್ನಾಗಿ ಊಟ ಮಾಡಬೇಕು" ಎಂದಷ್ಟೇ ಹೇಳಿ ಇಳಿದುಬಂದರೆ, ಅದನ್ನು ಹೇಳಲು ಸಂಶೋಧಕಿಯೊಬ್ಬಳು ಮೈಸೂರಿನಿಂದ ಬರಬೇಕಾಗಿಲ್ಲ. ನನ್ನ ಅಭಿಪ್ರಾಯದಲ್ಲಿ, ಎಷ್ಟು ಜನರನ್ನು ನೋಡಿದರು, ಯಾರನ್ನು ಯಾರೊಂದಿಗೆ ಹೋಲಿಸಿದರು, ಎಲ್ಲಿಯವರೆಗೆ ಖಚಿತ, ಎಲ್ಲಿಂದ ಮುಂದೆ ಅನುಮಾನ ಎಂಬುದನ್ನು ಫಲಿತಾಂಶದ ಜೊತೆಯಲ್ಲಿಯೇ ಜನರ ಮುಂದಿಡಬೇಕು. ಅಷ್ಟೆಲ್ಲ ಸಾಮಾನ್ಯರಿಗೆ ಬೇಡವೆಂದು ನಾವೇ ತೀರ್ಮಾನಿಸುವುದು ಸರಿಯಲ್ಲ. ಆದರೆ ಇಂಥ ಸಭೆಗಳ ಅನುಭವ ನನಗಿಂತ ನಿಮ್ಮಲ್ಲಿ ಹಲವರಿಗೆ ಹೆಚ್ಚಾಗಿದೆ. ದಯವಿಟ್ಟು ತಿಳಿಸಿ.

ವಿಜ್ಞಾನ ಶಿಕ್ಷಕಿ, ಮದ್ದೂರು

ಮೇಡಂ, ನೀವು ನೂರಕ್ಕೆ 11, ನೂರಕ್ಕೆ 3 ಎಂದು ಬರೆದದ್ದು ಬಹಳ ಒಳ್ಳೆಯದಾಯಿತು. ಇದೇ ವಿಷಯವನ್ನು "ಮೂರೂವರೆ ಪಟ್ಟಿಗಿಂತಲೂ ಹೆಚ್ಚು ಅಪಾಯ" ಎಂದು ಬರೆದಿದ್ದರೆ ಲೆಕ್ಕ ತಪ್ಪಾಗುತ್ತಿರಲಿಲ್ಲ, ಆದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವ ಚಿತ್ರ ಪೂರ್ತಿ ತಪ್ಪಾಗುತ್ತಿತ್ತು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಶೇಕಡಾವಾರು ಪಾಠ ಮಾಡುವಾಗ ನಾನು ಕಂಡದ್ದಿದು: "ಪಟ್ಟು" ಎಂದ ಕೂಡಲೇ ಎಲ್ಲರಿಗೂ ಬರುತ್ತದೆಂದು ಭಾವಿಸುತ್ತಾರೆ, ಎಣಿಸಿ ತೋರಿಸಿದರೆ ಮಾತ್ರ ಅಳತೆ ಅರ್ಥವಾಗುತ್ತದೆ.

ನಾನು ತರಗತಿಯಲ್ಲಿ ಬಳಸುವುದು ಹುಣಸೆಬೀಜವನ್ನು. ಚೌಕಾಬಾರ ಆಡಲು ಒಂದು ಬದಿಯನ್ನು ಕಲ್ಲಿನ ಮೇಲೆ ಬೆಳ್ಳಗಾಗುವಂತೆ ಉಜ್ಜುತ್ತೇವಲ್ಲ, ಹಾಗೆ ಹನ್ನೊಂದು ಬೀಜಗಳನ್ನು ಉಜ್ಜಿ, ಉಜ್ಜದ ಎಂಬತ್ತೊಂಬತ್ತರೊಂದಿಗೆ ಒಂದು ಮೊರದಲ್ಲಿ ಹರಡುತ್ತೇನೆ. ಇನ್ನೊಂದು ಮೊರದಲ್ಲಿ ಮೂರು ಬಿಳಿ, ತೊಂಬತ್ತೇಳು ಕಂದು. ಮಕ್ಕಳು ಎರಡು ಮೊರಗಳನ್ನೂ ನೋಡಿದ ಮೇಲೆ ಎರಡು ಮಾತುಗಳನ್ನು ತಾವಾಗಿಯೇ ಹೇಳುತ್ತಾರೆ. ಮೊದಲನೆಯದು, ವ್ಯತ್ಯಾಸ ಇರುವುದು ನಿಜ. ಎರಡನೆಯದು, ಮೊದಲ ಮೊರದಲ್ಲಿಯೂ ಹೆಚ್ಚಿನವು ಕಂದು ಬೀಜಗಳೇ. ಈ ಎರಡನೆಯ ಮಾತು ಪತ್ರಿಕೆಯ ತಲೆಬರಹದಲ್ಲಿ ಎಂದೂ ಬರುವುದಿಲ್ಲ.

ನಿಮ್ಮ ಸಭೆಗೆ ಪರದೆ, ಪ್ರೊಜೆಕ್ಟರ್ ಒಯ್ಯುವುದಕ್ಕಿಂತ ಎರಡು ಮೊರ ಒಯ್ಯುವುದು ಉತ್ತಮವೆಂದು ನನ್ನ ಸಲಹೆ. ಹೆಂಗಸರು ಮುಂದೆ ಬಂದು ತಾವೇ ಎಣಿಸಲಿ. ತಾವೇ ಎಣಿಸಿದ ಲೆಕ್ಕವನ್ನು ಜನ ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಆಶಾ ಕಾರ್ಯಕರ್ತೆ, ಶ್ರೀರಂಗಪಟ್ಟಣ ತಾಲ್ಲೂಕು

ಮೇಡಂ ಅವರಿಗೂ ಟೀಚರ್ ಅವರಿಗೂ ನಮಸ್ಕಾರ. ಲೆಕ್ಕ ಹೇಳುವ ಮೊದಲು ಸಭೆಯಲ್ಲಿ ಯಾರು ಕುಳಿತಿರುತ್ತಾರೆ ಎಂಬುದನ್ನು ತಾವು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಎರಡು ಕಿಲೋ ತೂಕದ ಮಗುವನ್ನು ಹೆತ್ತ ಸೊಸೆಯೂ ಅವಳ ಅತ್ತೆಯೂ ಒಂದೇ ಜಮಖಾನದ ಮೇಲೆ ಕುಳಿತಿರುತ್ತಾರೆ. ತಾವು ವೇದಿಕೆಯಿಂದ ಹೇಳಿದ ಮಾತು ಮನೆಗೆ ಹೋಗುವಷ್ಟರಲ್ಲಿ "ನೀನು ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ ಮಗುವಿಗೆ ಹೀಗಾಯಿತು" ಎಂಬ ಬೈಗುಳವಾಗಿರುತ್ತದೆ. ಆ ಹೆಣ್ಣುಮಗಳಿಗೆ ಮದುವೆಗೆ ಮೊದಲೇ ರಕ್ತ ಕಡಿಮೆಯಿತ್ತು, ಎಂಟನೆಯ ತಿಂಗಳವರೆಗೂ ಗದ್ದೆಯಲ್ಲಿ ನಾಟಿ ಹಾಕಿದಳು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ವಿಷಯ. ನಾವು ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಮಾತ್ರೆಯಿಂದ ಉಪಯೋಗವಿದೆಯೆಂದು ವಿಜ್ಞಾನಿಗಳು ಕಂಡುಹಿಡಿದು ಎಷ್ಟೋ ಕಾಲವಾಯಿತು. ಆದರೂ ನಾನು ಮನೆಗೆ ಹೋದಾಗ ಮಾತ್ರೆಯ ಹಾಳೆಗಳು ಅಕ್ಕಿ ಡಬ್ಬಿಯ ಹಿಂದೆ ಹಾಗೆಯೇ ಇರುತ್ತವೆ. ಏಕೆಂದು ವಿಚಾರಿಸಿದರೆ, "ಅಕ್ಕಾ, ಮಾತ್ರೆ ತೆಗೆದುಕೊಂಡ ಮೇಲೆ ಹೊರಕಡೆ ಕಪ್ಪಗೆ ಹೋಗುತ್ತದೆ, ಹೊಟ್ಟೆಯಲ್ಲಿ ಏನೋ ಕೆಟ್ಟಿರಬೇಕು" ಎನ್ನುತ್ತಾರೆ. ಕಬ್ಬಿಣಾಂಶ ತೆಗೆದುಕೊಂಡಾಗ ಮಲದ ಬಣ್ಣ ಕಪ್ಪಾಗುವುದು ಸಹಜ, ಅದರಿಂದ ಹೆದರಬೇಕಾಗಿಲ್ಲ ಎಂದು ಮಾತ್ರೆ ಕೊಡುವಾಗಲೇ ಯಾರಾದರೂ ಹೇಳಿದ್ದರೆ ಅವರು ನಿಲ್ಲಿಸುತ್ತಿರಲಿಲ್ಲ. ಮಾತ್ರೆಯ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ನಿಂಬೆಹಣ್ಣಿನ ರಸದಂತಹ ಹುಳಿಯೊಂದಿಗೆ ತೆಗೆದುಕೊಂಡರೆ ಹೆಚ್ಚಾಗುತ್ತದೆ ಎಂಬುದನ್ನೂ ನಾನು ತರಬೇತಿಯಲ್ಲಿ ಕಲಿತು ಮನೆಮನೆಗೆ ಹೇಳುತ್ತೇನೆ. ದೊಡ್ಡ ದೊಡ್ಡ ಭಾಷಣಗಳಲ್ಲಿ ಇಂತಹ ಮಾತು ಇರುವುದೇ ಇಲ್ಲ.

ವೈದ್ಯ, ಕುವೆಂಪುನಗರ, ಮೈಸೂರು

ಆಶಾ ಕಾರ್ಯಕರ್ತೆಯವರು ಹೇಳಿದ್ದು ಅಕ್ಷರಶಃ ಸತ್ಯ. ಇದಕ್ಕೆ ಸಂಶೋಧನೆಯೊಳಗಿನಿಂದಲೇ ಒಂದು ಉತ್ತರವಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಹುಟ್ಟುವಾಗಿನ ತೂಕಕ್ಕೂ ಹೃದ್ರೋಗಕ್ಕೂ ನಂಟಿದೆಯೆಂಬ ವಿಚಾರವನ್ನು ಮುಂದಿಟ್ಟವರು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದ ಡೇವಿಡ್ ಬಾರ್ಕರ್. ಅಲ್ಲಿಯ ಹರ್ಟ್‌ಫರ್ಡ್‌ಷೈರ್ ಜಿಲ್ಲೆಯ ಹಳೆಯ ದಾಖಲೆಗಳನ್ನು ಆಧರಿಸಿದ ಅವರ ಲೇಖನ 1989ರಲ್ಲಿ ಬಂದಿತು. ಬೇರೆ ಆಹಾರ, ಬೇರೆ ಬಡತನ, ಬೇರೆ ಜೀವನಕ್ರಮ ಇರುವ ದೇಶದಲ್ಲಿಯೂ ಹೀಗೆಯೇ ಕಾಣುತ್ತದೆಯೇ ಎಂದು ನೋಡಬೇಕಾದಾಗ ನಮ್ಮ ಮಿಷನ್ ಆಸ್ಪತ್ರೆಯ ದಾಖಲೆಗಳು ನೆರವಿಗೆ ಬಂದವು. ಇಂತಹ ಅಧ್ಯಯನದಲ್ಲಿ ಎರಡು ಸಂಗತಿಗಳು ಜೊತೆಜೊತೆಯಾಗಿ ಕಾಣಿಸಿಕೊಂಡವೆಂದು ಹೇಳಬಹುದೇ ಹೊರತು, ಒಂದರಿಂದಲೇ ಇನ್ನೊಂದಾಯಿತು ಎಂದು ಸಾಧಿಸಿದಂತಾಗುವುದಿಲ್ಲ. ಇಡೀ 517 ಮಂದಿಯನ್ನು ಒಟ್ಟಾಗಿ ತೆಗೆದುಕೊಂಡಾಗ ಕಂಡ ಏರಿಳಿತ ಕೇವಲ ಆಕಸ್ಮಿಕವಿರಬಹುದೇ ಎಂಬ ಅನುಮಾನ ಪೂರ್ತಿ ಹೋಗುವಷ್ಟು ಬಲವಾಗಿರಲಿಲ್ಲ. 45 ವರ್ಷ ದಾಟಿದವರಲ್ಲಿ ಅದು ಹೆಚ್ಚು ಸ್ಪಷ್ಟವಾಗಿತ್ತು. ಇದು ಮೂಲ ಲೇಖನದಲ್ಲಿಯೇ ಇರುವ ಮಾತು. ಮೇಲಾಗಿ, ಪರೀಕ್ಷೆಗೆ ಸಿಕ್ಕವರು ಆ ಕಾಲದಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದವರು, ಬದುಕಿ ಉಳಿದವರು ಮತ್ತು ಊರು ಬಿಡದವರು ಮಾತ್ರ. ಮನೆಯಲ್ಲಿ ಹುಟ್ಟಿದವರ, ಎಳವೆಯಲ್ಲಿಯೇ ತೀರಿಕೊಂಡವರ, ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಬೊಂಬಾಯಿಗೋ ಹೋದವರ ವಿಷಯ ಅದರಲ್ಲಿಲ್ಲ.

ಈಗ ಆಶಾ ಅವರ ಮಾತಿಗೆ ಬರೋಣ. ಅದೇ ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ತಾಯಿಯ ತೂಕವೇ 45 ಕಿಲೋಗಿಂತ ಕಡಿಮೆಯಿದ್ದು, ಮಗುವೂ ಎರಡೂವರೆ ಕಿಲೋ ದಾಟದಿದ್ದವರಲ್ಲಿ ಕಾಯಿಲೆಯ ಪ್ರಮಾಣ ಎಲ್ಲರಿಗಿಂತ ಹೆಚ್ಚಾಗಿ, ನೂರಕ್ಕೆ 20ರಷ್ಟಿತ್ತು. ಅಂದರೆ ತಾಯಿ ಆ ಒಂಬತ್ತು ತಿಂಗಳಲ್ಲಿ ಏನು ಉಂಡಳು ಎಂಬುದಕ್ಕಷ್ಟೇ ಇದು ಸೇರಿದ ವಿಷಯವಲ್ಲ. ಅವಳು ಹುಡುಗಿಯಾಗಿದ್ದಾಗ ತವರಿನಲ್ಲಿ ಅವಳಿಗೆ ಏನು ಸಿಕ್ಕಿತು, ಎಷ್ಟು ವಯಸ್ಸಿಗೆ ಮದುವೆಯಾಯಿತು ಎಂಬಲ್ಲಿಯವರೆಗೂ ಇದರ ಬೇರುಗಳು ಹೋಗಬಹುದು. ಸಭೆಯಲ್ಲಿ ಅತ್ತೆಯರ ಮುಂದೆ ಇದನ್ನೇ ಗಟ್ಟಿಯಾಗಿ ಹೇಳಬೇಕು.

ಹಾಗಾದರೆ ಮಗು ದಪ್ಪವಾದಷ್ಟೂ ಒಳ್ಳೆಯದೇ? ಅದೂ ಅಲ್ಲ. ಅದೇ ಆಸ್ಪತ್ರೆಯಲ್ಲಿ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆಯನ್ನು ಪರೀಕ್ಷಿಸಿದಾಗ, 1998ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಆಗಿತ್ತು. ಹುಟ್ಟುವಾಗ ಗಿಡ್ಡಗಿದ್ದು, ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ಮತ್ತು ಹೆಚ್ಚು ತೂಕವಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಎರಡು ಫಲಿತಾಂಶಗಳಲ್ಲಿ ಒಂದನ್ನು ಮಾತ್ರ ಹೇಳಿ ಬಂದರೆ ಜನ ತಪ್ಪು ದಾರಿ ಹಿಡಿಯುತ್ತಾರೆ.

ಓದುಗ, ಮಂಡ್ಯ

ಎಲ್ಲರೂ ತಿಳಿದವರು, ನಾನು ಸಾಮಾನ್ಯ ಓದುಗ. ನಮ್ಮಂಥವರ ಕಷ್ಟ ಏನೆಂದರೆ, ಒಂದು ವರ್ಷ ಮೊಟ್ಟೆ ತಿನ್ನಬೇಡಿ ಎನ್ನುತ್ತಾರೆ, ಇನ್ನೊಂದು ವರ್ಷ ತಿನ್ನಿ ಎನ್ನುತ್ತಾರೆ. ಕಾಫಿಯಿಂದ ಕ್ಯಾನ್ಸರ್ ಎಂದರು, ಆಮೇಲೆ ಇಲ್ಲ ಎಂದರು. ಹೀಗಿರುವಾಗ ನಿಮ್ಮ ನೂರಕ್ಕೆ 11 ಎಂಬ ಲೆಕ್ಕ ನಾಳೆ ಬದಲಾಗುವುದಿಲ್ಲವೆಂದು ನಾವು ಹೇಗೆ ನಂಬಬೇಕು?

ವರದಿಗಾರ, ಮೈಸೂರು

ಓದುಗರ ಪ್ರಶ್ನೆಗೆ ಪತ್ರಿಕೆಯ ಕಡೆಯಿಂದ ಉತ್ತರಿಸುವುದು ನನ್ನ ಕರ್ತವ್ಯ. ಕಾಫಿಯ ವಿಷಯವನ್ನೇ ತೆಗೆದುಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗಿರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿತ್ತು. ಆಮೇಲೆ ಇನ್ನೂ ಬಹಳಷ್ಟು ಅಧ್ಯಯನಗಳು ಬಂದವು. ಅವೆಲ್ಲವನ್ನೂ ಪರಿಶೀಲಿಸಿ 2016ರಲ್ಲಿ ಅದೇ ಸಂಸ್ಥೆ ಕಾಫಿಯನ್ನು ಆ ಗುಂಪಿನಿಂದ ತೆಗೆಯಿತು. ಆದರೆ ಅದೇ ಸಂದರ್ಭದಲ್ಲಿ, ಕಾಫಿಯಾಗಲಿ ಟೀಯಾಗಲಿ, 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ಕುಡಿಯುವುದು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಹುದೆಂದೂ ಹೇಳಿತು. ಹಾಗಾಗಿ ನಮ್ಮ ಹೋಟೆಲುಗಳಲ್ಲಿ ಲೋಟ ಬಟ್ಟಲುಗಳ ನಡುವೆ ಎರಡು ಮೂರು ಸಲ ಎತ್ತಿ ಹುಯ್ದು ಆರಿಸಿ ಕುಡಿಯುವವರು ಚಿಂತಿಸಬೇಕಾಗಿಲ್ಲ. ಇದರಲ್ಲಿ ವಿಜ್ಞಾನ ಮಾತು ತಪ್ಪಿದ್ದು ಎಲ್ಲಿಯೂ ಇಲ್ಲ. 1991ರಲ್ಲಿ "ಇರಬಹುದು" ಎಂದಿದ್ದನ್ನು ನಾವು ಪತ್ರಿಕೆಯವರು "ಇದೆ" ಎಂದು ಅಚ್ಚುಹಾಕಿದರೆ, ಮುಂದೆ ಅದು ಬದಲಾದಾಗ ಓದುಗರಿಗೆ ಮೋಸವಾದಂತೆ ಅನ್ನಿಸುತ್ತದೆ.

ಇನ್ನೊಂದು ಉದಾಹರಣೆ ಹೇಳುತ್ತೇನೆ. ಅದೇ ಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ಗುಂಪಿಗೇ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಶೇಕಡಾ 18ರಷ್ಟು ಏರುತ್ತದೆ ಎಂಬುದೇ ಸುದ್ದಿಯಾಯಿತು. ಕ್ಯಾನ್ಸರ್ ತರುತ್ತದೆಂಬ ಪುರಾವೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಆ ಗುಂಪು ತಿಳಿಸುತ್ತದೆಯೇ ಹೊರತು, ಎರಡರಿಂದಲೂ ಆಗುವ ಹಾನಿ ಒಂದೇ ಪ್ರಮಾಣದ್ದೆಂದು ಹೇಳುವುದಿಲ್ಲ. ನೂರು ಜನರಲ್ಲಿ ಐದು ಮಂದಿಗೆ ಬರುವ ಕಾಯಿಲೆಯೆಂದು ಇಟ್ಟುಕೊಂಡರೆ, ಶೇಕಡಾ 18ರ ಏರಿಕೆಯೆಂದರೆ ಅದು ಹೆಚ್ಚುಕಡಿಮೆ ಆರು ಮಂದಿಗೆ ಬರುತ್ತದೆ ಎಂದರ್ಥ. ಈ ಒಂದು ವಾಕ್ಯ ಸೇರಿಸಲು ಜಾಗವಿರಲಿಲ್ಲವೇ ಎಂದು ನೀವು ಕೇಳಬಹುದು. ಜಾಗವಿತ್ತು. ಆದರೆ ಆ ವಾಕ್ಯವನ್ನು ನಮಗೆ ಹೇಳುವವರು ಇರಲಿಲ್ಲ. ಸಂಶೋಧನೆಯ ಪ್ರಕಟಣೆ ಸಂಜೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಬರುತ್ತದೆ, ಫೋನು ಮಾಡಿದರೆ ವಿಜ್ಞಾನಿಗಳು ಮೇಲಿನವರ ಅನುಮತಿ ಬೇಕೆನ್ನುತ್ತಾರೆ, ಒಂಬತ್ತು ಗಂಟೆಗೆ ಪುಟ ಅಚ್ಚಿಗೆ ಹೋಗಬೇಕು. ಪ್ರತಿ ಪ್ರಕಟಣೆಯೊಂದಿಗೆ ಕನ್ನಡದಲ್ಲಿ ಒಂದೇ ಒಂದು ಪರಿಚ್ಛೇದ ಬರೆದು ಕಳುಹಿಸಿ ಎಂದು ಇಲ್ಲಿರುವ ಸಂಶೋಧಕರೆಲ್ಲರನ್ನೂ ಕೇಳಿಕೊಳ್ಳುತ್ತೇನೆ. ಯಾರ ಮೇಲೆ ನಡೆದ ಅಧ್ಯಯನ, ಎಷ್ಟು ಮಂದಿ, ಯಾರೊಂದಿಗೆ ಹೋಲಿಕೆ, ಹಣ ಕೊಟ್ಟವರು ಯಾರು, ಇನ್ನೂ ತಿಳಿಯದಿರುವುದು ಏನು ಎಂಬಷ್ಟಿದ್ದರೆ ಸಾಕು. ಇಲಿಯ ಮೇಲೆ ನಡೆದದ್ದಾದರೆ ಇಲಿಯ ಮೇಲೆಂದು ಮೊದಲ ವಾಕ್ಯದಲ್ಲಿಯೇ ಬರೆಯಿರಿ.

ನಿವೃತ್ತ ಅಧ್ಯಾಪಕ, ಸರಸ್ವತಿಪುರಂ, ಮೈಸೂರು

ಇಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ವಾಲುತ್ತಿರುವುದರಿಂದ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕಾಗಿದೆ. "ಇರಬಹುದು", "ಖಚಿತವಿಲ್ಲ", "ಇನ್ನೂ ಅಧ್ಯಯನ ಬೇಕು" ಎಂದು ವಿಜ್ಞಾನಿ ಸಭೆಯಲ್ಲಿ ಹೇಳುತ್ತಿದ್ದರೆ, ಅದೇ ಊರಿನಲ್ಲಿ ಮಾರನೆಯ ದಿನ ಒಬ್ಬ ನಾಟಿ ಔಷಧ ಮಾರುವವನು ಬಂದು "ನಲವತ್ತು ದಿನದಲ್ಲಿ ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ" ಎಂದು ಅನುಮಾನವೇ ಇಲ್ಲದೆ ಸಾರುತ್ತಾನೆ. ಜನ ಯಾರನ್ನು ನಂಬುತ್ತಾರೆ? 1998ರಲ್ಲಿ ಇಂಗ್ಲೆಂಡಿನ ವೈದ್ಯನೊಬ್ಬ ಕೇವಲ 12 ಮಕ್ಕಳನ್ನು ನೋಡಿ, ದಡಾರ ಮುಂತಾದವುಗಳಿಗೆ ಹಾಕುವ ಲಸಿಕೆಗೂ ಆಟಿಸಂಗೂ ನಂಟಿದೆಯೆಂಬ ಭಯವನ್ನು ಬಿತ್ತಿದ. ಆ ಲೇಖನ ಬಂದದ್ದೂ ಮೇಡಂ ಹೇಳಿದ ಲ್ಯಾನ್ಸೆಟ್ ಪತ್ರಿಕೆಯಲ್ಲಿಯೇ. ಪತ್ರಿಕೆ ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಅಷ್ಟರಲ್ಲಿ ಎಷ್ಟೋ ದೇಶಗಳ ತಾಯಿತಂದೆಯರು ಲಸಿಕೆಗೆ ಹಿಂಜರಿದಿದ್ದರು. ಆದ್ದರಿಂದ ಹಳ್ಳಿಯ ಸಭೆಯಲ್ಲಿ ಮಾಡಬೇಕಾದ್ದನ್ನು ಸ್ಪಷ್ಟವಾಗಿ ಹೇಳಿ, ಅನುಮಾನಗಳನ್ನು ತಜ್ಞರ ನಡುವೆ ಇಟ್ಟುಕೊಳ್ಳುವುದು ಮೇಲು.

ನಮ್ಮ ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಿಂದೆ ಪ್ರಚಾರೋಪನ್ಯಾಸಗಳಿಗೆಂದು ಹಳ್ಳಿ ಹಳ್ಳಿಗೆ ಹೋಗಿ ತಿಳಿಗನ್ನಡದಲ್ಲಿ ವಿಜ್ಞಾನ ಹೇಳುತ್ತಿದ್ದರು, ಆ ಉಪನ್ಯಾಸಗಳು ಅಗ್ಗದ ಬೆಲೆಯ ಪುಟ್ಟ ಪುಸ್ತಕಗಳಾಗಿ ಪ್ರಕಟವಾಗುತ್ತಿದ್ದವು. ಅವುಗಳ ಬಲವಿದ್ದದ್ದು ಸ್ಪಷ್ಟತೆಯಲ್ಲಿ.

ಆರೋಗ್ಯ ಸಂಶೋಧಕಿ, ಮೈಸೂರು

ಸರ್, ತಮ್ಮ ಆತಂಕವನ್ನು ನಾನು ಗೌರವಿಸುತ್ತೇನೆ, ಆದರೆ ತೀರ್ಮಾನವನ್ನು ಒಪ್ಪಲಾರೆ. ಸ್ಪಷ್ಟತೆ ಎಂದರೆ ಎಲ್ಲವೂ ಖಚಿತವೆಂದು ತೋರಿಸುವುದಲ್ಲ. ಯಾವುದು ಖಚಿತ, ಯಾವುದು ಅಲ್ಲ ಎಂಬುದನ್ನು ಬೇರ್ಪಡಿಸಿ ಹೇಳುವುದೂ ಸ್ಪಷ್ಟತೆಯೇ. ಲಸಿಕೆಯ ವಿಷಯದಲ್ಲಿ ತಾವು ಕೊಟ್ಟ ಉದಾಹರಣೆಯೇ ಇದನ್ನು ತೋರಿಸುತ್ತದೆ. "12 ಮಕ್ಕಳು" ಎಂಬ ಸಂಖ್ಯೆಯನ್ನು ಮೊದಲ ದಿನವೇ ಎಲ್ಲರಿಗೂ ಕೇಳುವಂತೆ ಹೇಳಿದ್ದರೆ ಎಷ್ಟೋ ಮಂದಿ ಅಲ್ಲಿಯೇ ಎಚ್ಚೆತ್ತುಕೊಳ್ಳುತ್ತಿದ್ದರು. ಅದಕ್ಕೆ ಎದುರಾಗಿ ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಅಂತಹ ನಂಟು ಇಲ್ಲವೆಂದು 2019ರಲ್ಲಿ ಪ್ರಕಟಿಸಿದರು. ಹನ್ನೆರಡು ಮಕ್ಕಳನ್ನು ನೋಡಿ ಆಡಿದ ಮಾತಿಗೂ ಆರೂವರೆ ಲಕ್ಷ ಮಕ್ಕಳನ್ನು ನೋಡಿ ಆಡಿದ ಮಾತಿಗೂ ಇರುವ ಅಂತರವನ್ನು ತಿಳಿಯಲು ಪದವಿ ಬೇಕಾಗಿಲ್ಲ. "ಎಷ್ಟು ಜನರನ್ನು ನೋಡಿದಿರಿ?" ಎಂದು ಕೇಳುವ ಅಭ್ಯಾಸ ಜನರಿಗೆ ಬಂದರೆ, ನಲವತ್ತು ದಿನದ ಔಷಧ ಮಾರುವವನನ್ನೂ ಅವರು ಅದನ್ನೇ ಕೇಳುತ್ತಾರೆ. ನಾವು ಲೆಕ್ಕವನ್ನು ಮುಚ್ಚಿಟ್ಟರೆ ಅವನಿಗೂ ನಮಗೂ ಇರುವ ವ್ಯತ್ಯಾಸ ಅವರಿಗೆ ಕಾಣುವುದಾದರೂ ಹೇಗೆ?

ರೈತ, ಪಾಂಡವಪುರ

ಮೇಡಂ ಹೇಳಿದ್ದು ನನಗೆ ಸರಿಯೆನಿಸಿತು. ನಾನು ಕಬ್ಬು ಬೆಳೆದು ಆಲೆಮನೆ ನಡೆಸುವವನು. ಸಭೆಯೊಂದರಲ್ಲಿ ತಜ್ಞರೊಬ್ಬರು, ಬೆಲ್ಲ ಹೊಂಬಣ್ಣಕ್ಕೆ ಬರಲೆಂದು ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುತ್ತಾರೆ, ಅದರಿಂದ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ, ಕಪ್ಪು ಬೆಲ್ಲವನ್ನೇ ಕೊಳ್ಳಿರೆಂದು ಗ್ರಾಹಕರಿಗೆ ಹೇಳಿದರು. ಮಾತು ನಿಜ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣವನ್ನೂ ಬೆಂಡೆಗಿಡದ ಲೋಳೆಯನ್ನೂ ಹಾಕಿ ಮಡ್ಡಿ ತೆಗೆದರೆ ಹೈಡ್ರೋಸ್ ಇಲ್ಲದೆಯೂ ಒಳ್ಳೆಯ ಬೆಲ್ಲ ಬರುತ್ತದೆ. ಆದರೆ ಬಣ್ಣ ಕಂದಾಗುತ್ತದೆ. ಆ ಕಂದು ಅಚ್ಚನ್ನು ಮಾರುಕಟ್ಟೆಗೆ ಒಯ್ದರೆ ವರ್ತಕರು ಹಳದಿ ಅಚ್ಚಿಗಿಂತ ಕಡಿಮೆ ಬೆಲೆ ಕೂಗುತ್ತಾರೆ. ಸಭೆಯಲ್ಲಿ ಕುಳಿತಿದ್ದ ನಮ್ಮಂಥವರನ್ನು ತಜ್ಞರು ಈ ಬೆಲೆಯ ವಿಷಯ ಒಂದು ಮಾತು ಕೇಳಿದ್ದರೆ, ವರ್ತಕರನ್ನೂ ಅದೇ ಸಭೆಗೆ ಕರೆಸಬೇಕೆಂದು ನಾವೇ ಹೇಳುತ್ತಿದ್ದೆವು.

ಇನ್ನು ಸಕ್ಕರೆಗಿಂತ ಬೆಲ್ಲ ಒಳ್ಳೆಯದೆಂಬ ಮಾತು ಕೇಳಿ, ಸಕ್ಕರೆ ಕಾಯಿಲೆಯವರು ಧಾರಾಳವಾಗಿ ಬೆಲ್ಲ ತಿನ್ನುತ್ತಿರುವುದನ್ನು ನೋಡುತ್ತಿದ್ದೇನೆ. ಬೆಲ್ಲ ಮಾರಿ ಬದುಕುವ ನಾನೇ ಇದನ್ನು ಬರೆಯುತ್ತಿದ್ದೇನೆ: ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಒಂದಿಷ್ಟು ಖನಿಜಾಂಶವಿದೆಯೆಂದು ಸಕ್ಕರೆ ಕಾಯಿಲೆಯವರಿಗೆ ಅದು ಔಷಧವಾಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ವಿಜ್ಞಾನಿಯ ಮಾತನ್ನು ರೈತರು ಮನಸಾರೆ ನಂಬಿದ ಕಾಲವೂ ಇತ್ತು. ಮಂಡ್ಯದ ವಿ.ಸಿ. ಫಾರ್ಮ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ಮತ್ತು ಆಫ್ರಿಕಾದ ರಾಗಿ ತಳಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಜನ ಅವರನ್ನು ಇಂದಿಗೂ ರಾಗಿ ಲಕ್ಷ್ಮಣಯ್ಯ ಎಂದೇ ಕರೆಯುತ್ತಾರೆ. ಹೊಸ ತಳಿಯ ತೆನೆಯನ್ನು ರೈತ ಕೈಯಲ್ಲಿ ಹಿಡಿದು, ತನ್ನ ಹಳೆಯ ತೆನೆಯ ಪಕ್ಕದಲ್ಲಿಟ್ಟು ನೋಡಬಹುದಾಗಿತ್ತು.

ನಿವೃತ್ತ ಆಹಾರ ವಿಜ್ಞಾನಿ, ಮೈಸೂರು

ರಾಗಿಯ ಮಾತು ಬಂದದ್ದರಿಂದ ಇದನ್ನು ಸೇರಿಸುತ್ತೇನೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅಷ್ಟೇ ಹಸುವಿನ ಹಾಲಿನಲ್ಲಿರುವುದು ಸುಮಾರು 120 ಮಿಲಿಗ್ರಾಂ. ನಾರಿನಂಶವೂ ಅಕ್ಕಿಗಿಂತ ಹಲವು ಪಟ್ಟು ಹೆಚ್ಚು. ಇಷ್ಟು ಹೇಳಿ ನಿಲ್ಲಿಸಿದರೆ ಕೇಳುವವರಿಗೂ ಸಂತೋಷ, ಹೇಳುವವರಿಗೂ ಚಪ್ಪಾಳೆ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಆ ಸುಣ್ಣದ ಒಂದು ಭಾಗವನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ, ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ ಎಂಬುದನ್ನೂ ಹೇಳಬೇಕು. ಸಕ್ಕರೆ ಕಾಯಿಲೆಯವರ ಮಟ್ಟಿಗಂತೂ, ರಾಗಿಯಲ್ಲಿ ಪಿಷ್ಟ ಮುಂತಾದ ಶರ್ಕರಪಿಷ್ಟಾದಿಗಳು ನೂರಕ್ಕೆ ಸುಮಾರು 70 ಗ್ರಾಂ ಇವೆ, ಅಕ್ಕಿಯಲ್ಲಿ 78. ಅಕ್ಕಿಗಿಂತ ರಾಗಿ ಮೇಲು ಎಂಬ ಮಾತಿಗೆ ಆಧಾರವಿದೆ, ಎಷ್ಟು ತಿಂದರೂ ಸರಿಯೆಂಬುದಕ್ಕೆ ಇಲ್ಲ. ನುಣ್ಣನೆಯ ಹಿಟ್ಟಿನಿಂದ ಮಾಡಿದ ತೆಳು ಗಂಜಿ ಮುದ್ದೆಗಿಂತ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸಬಹುದು. ಎರಡು ಮುದ್ದೆಯ ಬದಲು ಒಂದು ಮುದ್ದೆ, ಜೊತೆಗೆ ಬಸ್ಸಾರು, ಸೊಪ್ಪು, ಕಾಳು ಎಂದು ತಟ್ಟೆಯ ಲೆಕ್ಕದಲ್ಲಿಯೇ ಹೇಳಿದರೆ ಜನ ಪಾಲಿಸುತ್ತಾರೆ. ಸಭೆಗೆ ಹೋಗುವ ಯುವ ಸಂಶೋಧಕರಿಗೆ ನನ್ನ ಒಂದೇ ಸಲಹೆ: ಅರ್ಧ ಗಂಟೆ ಮಾತನಾಡಿ, ಒಂದು ಗಂಟೆ ಪ್ರಶ್ನೆಗಳಿಗೆ ಕುಳಿತುಕೊಳ್ಳಿ. ಭಾಷಣ ಮುಗಿಸಿ ಕಾರು ಹತ್ತಿಬಿಡುವವರು ಜನರಿಗೆ ಅರ್ಥವಾದದ್ದು ಏನೆಂದು ತಿಳಿಯದೆಯೇ ಹೋಗುತ್ತಾರೆ.

ಆರೋಗ್ಯ ಸಂಶೋಧಕಿ, ಮೈಸೂರು

ಎಲ್ಲರ ಮಾತುಗಳನ್ನೂ ಇಟ್ಟುಕೊಂಡು ಸಭೆಯಲ್ಲಿ ಹೇಳಬೇಕಾದ ಮುಖ್ಯ ಭಾಗವನ್ನು ಹೀಗೆ ಬರೆದಿದ್ದೇನೆ. ತಿದ್ದುಪಡಿಗಳಿದ್ದರೆ ತಿಳಿಸಿ.

"ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಬಹಳ ಹಿಂದೆ ಹುಟ್ಟಿದ 517 ಜನರನ್ನು ಅವರು ದೊಡ್ಡವರಾದ ಮೇಲೆ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದ ನೂರು ಜನರಲ್ಲಿ 11 ಮಂದಿಗೆ ಹೃದಯದ ಕಾಯಿಲೆ ಕಂಡಿತು, 89 ಮಂದಿಗೆ ಕಾಣಲಿಲ್ಲ. ತೂಕ ಚೆನ್ನಾಗಿದ್ದ ನೂರು ಜನರಲ್ಲಿ 3 ಮಂದಿಗೆ ಕಂಡಿತು. ತೂಕ ಕಡಿಮೆಯಿದ್ದದ್ದೇ ಕಾಯಿಲೆಗೆ ಕಾರಣವೆಂದು ಈ ಒಂದು ಅಧ್ಯಯನದಿಂದ ಹೇಳಲಾಗದು, ಆದರೆ ಬೇರೆ ದೇಶದಲ್ಲಿಯೂ ಹೀಗೆಯೇ ಕಂಡಿರುವುದರಿಂದ ಇದನ್ನು ಕಡೆಗಣಿಸುವಂತಿಲ್ಲ. ಇದು ಯಾವ ತಾಯಿಯ ತಪ್ಪೂ ಅಲ್ಲ. ತಾಯಿ ತಾನೇ ಹುಡುಗಿಯಾಗಿದ್ದಾಗ ಸರಿಯಾಗಿ ಬೆಳೆದಿದ್ದಳೇ ಎಂಬುದೂ ಇದರಲ್ಲಿ ಸೇರಿರಬಹುದು. ಆದ್ದರಿಂದ ಮನೆಯಲ್ಲಿರುವ ಹೆಣ್ಣುಮಕ್ಕಳ ತಟ್ಟೆಗೆ ಇಂದು ಏನು ಬೀಳುತ್ತಿದೆಯೆಂದು ಎಲ್ಲರೂ ನೋಡಬೇಕು. ಹಾಗೆಂದು ಮಗು ದಪ್ಪವಾದಷ್ಟೂ ಒಳ್ಳೆಯದೆಂದಲ್ಲ."

ಆಶಾ ಕಾರ್ಯಕರ್ತೆ, ಶ್ರೀರಂಗಪಟ್ಟಣ ತಾಲ್ಲೂಕು

ಬಹಳ ಚೆನ್ನಾಗಿದೆ ಮೇಡಂ. "ಇದು ಯಾವ ತಾಯಿಯ ತಪ್ಪೂ ಅಲ್ಲ" ಎಂಬ ಮಾತನ್ನು ಮಧ್ಯದಲ್ಲಿ ಇಡದೆ, ಲೆಕ್ಕ ಹೇಳುವ ಮೊದಲೇ ಹೇಳಿಬಿಡಿ. ಲೆಕ್ಕ ಕೇಳಿದ ಮೇಲೆ ಅಳು ಬಂದವರಿಗೆ ಮುಂದಿನ ಮಾತು ಕಿವಿಗೆ ಬೀಳುವುದಿಲ್ಲ. ನಂತರ ಅವರು ಕೇಳುವುದು ಒಂದೇ ಪ್ರಶ್ನೆ: "ನನ್ನ ಮಗು ಈಗಾಗಲೇ ಕಡಿಮೆ ತೂಕದ್ದು ಹುಟ್ಟಿಯಾಗಿದೆ, ಈಗ ನಾನೇನು ಮಾಡಲಿ?" ಇದಕ್ಕೆ ಡಾಕ್ಟರ್ ಸಾಹೇಬರು ಉತ್ತರ ಬರೆದುಕೊಟ್ಟರೆ ನಾನೂ ಮನೆ ಭೇಟಿಗಳಲ್ಲಿ ಅದನ್ನೇ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಂದಿರ ಮನೆಗೆ ನಾವು ಮೂರನೆಯ ದಿನದಿಂದ ನಲವತ್ತೆರಡನೆಯ ದಿನದೊಳಗೆ ಆರು ಸಲ ಹೋಗುತ್ತೇವೆ, ಹೇಳಲು ಸಮಯ ಸಿಗುತ್ತದೆ.

ವೈದ್ಯ, ಕುವೆಂಪುನಗರ, ಮೈಸೂರು

ಬರೆಯುತ್ತೇನೆ. ಎರಡೂವರೆ ಕಿಲೋಗಿಂತ ಕಡಿಮೆ ಇರುವ ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒತ್ತಿಕೊಂಡು, ಮೇಲೆ ಬಟ್ಟೆ ಹೊದಿಸಿ, ದಿನದಲ್ಲಿ ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ಬೆಚ್ಚಗೆ ಇಟ್ಟುಕೊಳ್ಳಬೇಕು. ತಾಯಿಗೆ ಆಗದಿದ್ದಾಗ ತಂದೆಯೋ ಅಜ್ಜಿಯೋ ಇಟ್ಟುಕೊಳ್ಳಬಹುದು. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಕೊಡಬೇಕು. ನೀರು, ಜೇನುತುಪ್ಪ, ಬಜೆ ಯಾವುದೂ ಬೇಡ. ಲಸಿಕೆಗಳನ್ನು ತಪ್ಪಿಸಬಾರದು. ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಬೇಕು. ಮಗು ಹಾಲು ಎಳೆಯದಿದ್ದರೆ, ಮೈ ತಣ್ಣಗಾದರೆ ಅಥವಾ ಉಸಿರು ಬಹಳ ಬೇಗ ಬೇಗ ಆಡುತ್ತಿದ್ದರೆ ಕಾಯದೆ ಆಸ್ಪತ್ರೆಗೆ ಬರಬೇಕು.

ದೊಡ್ಡವರಾದ ಮೇಲಿನ ಹೃದ್ರೋಗಕ್ಕೆ ಬೀಡಿ ಸಿಗರೇಟು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳೂ ಕಾರಣ, ಮತ್ತು ಅವುಗಳ ವಿಷಯದಲ್ಲಿ ಮಾಡಬಹುದಾದ್ದು ಬಹಳಷ್ಟಿದೆ. ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ತುಂಬಿದ ಎಲ್ಲರಿಗೂ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಇದೆ. ಸಭೆಗೆ ಬಂದ ತಾಯಂದಿರಲ್ಲಿ ಯಾರಾದರೂ ತಾವೇ ಕಡಿಮೆ ತೂಕದಲ್ಲಿ ಹುಟ್ಟಿದವರೆಂದು ತಿಳಿದಿದ್ದರೆ, ಅವರು ಆ ತಪಾಸಣೆಯನ್ನು ಮುಂದೂಡದಿರಲಿ. ಅದೇ ದಿನ ಅಲ್ಲಿಯೇ ರಕ್ತದೊತ್ತಡ ನೋಡಲು ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಕೇಳಿಕೊಳ್ಳೋಣ. ದಿನಾಂಕ ಗೊತ್ತಾದರೆ ನಾನೂ ಬರುತ್ತೇನೆ.

ವಿಜ್ಞಾನ ಶಿಕ್ಷಕಿ, ಮದ್ದೂರು

ದಿನಾಂಕ ಭಾನುವಾರವಾಗಿದ್ದರೆ ನಮ್ಮ ಶಾಲೆಯ ನಾಲ್ವರು ಹುಡುಗಿಯರನ್ನು ಅವರ ಮನೆಯವರ ಒಪ್ಪಿಗೆ ಪಡೆದು ಕರೆತರುತ್ತೇನೆ. ಮೊರಗಳನ್ನೂ ಬೀಜಗಳನ್ನೂ ಅವರೇ ನೋಡಿಕೊಳ್ಳುತ್ತಾರೆ.